ಅಪ್‌ಡೇಟ್: ಅವ್ವನ ಹೊಟ್ಟೆ ಉಬ್ಬರ ಇಳಿಯಿತು

ಹೋದ ವಾರ ಕೇಳಿದ್ದೆನಲ್ಲ, ಹುಬ್ಬಳ್ಳಿಯಲ್ಲಿ ಅವ್ವನಿಗೆ ಅಂಡಾಶಯದ ಕ್ಯಾನ್ಸರ್ ಆಪರೇಷನ್ ಆಗಿ ಮೂರು ದಿನವಾದರೂ ಗಾಳಿ ಹೋಗಿಲ್ಲ, ಹೊಟ್ಟೆ ಬಿಗಿದಿದೆ ಅಂತ. ನಾಲ್ಕನೇ ದಿನ ಸಂಜೆ ಗಾಳಿ ಹೋಯಿತು! ಮರುದಿನ ಸಂಡಾಸವೂ ಆಯಿತು. ನಿನ್ನೆ ಕುಂದಗೋಳಕ್ಕೆ ಕರೆತಂದೆವು.

ಆಗ ಇಲ್ಲಿ ಚೂಯಿಂಗ್ ಗಮ್ ಅಗಿಯಲು ಕೊಡಿ ಅಂತ ಹೇಳಿದ ಅಕ್ಕನಿಗೆ ಕೈ ಮುಗಿಯುತ್ತೇನೆ. ಡಾಕ್ಟರನ್ನು ಕೇಳಿಯೇ ಕೊಟ್ಟೆ. ಸಕ್ಕರೆ ಇಲ್ಲದ್ದು, ದಿನಕ್ಕೆ 3 ಸಲ, 15 ನಿಮಿಷ. ಅಗಿದರೆ ಊಟ ಬರುತ್ತಿದೆ ಅಂತ ಮೆದುಳು ಕರುಳಿಗೆ ಸುದ್ದಿ ಕಳಿಸುತ್ತದೆ. ಎಲೆ-ಅಡಿಕೆ ಅಭ್ಯಾಸದ ಅವ್ವನಿಗೆ ಅಗಿಯುವುದು ಕಷ್ಟವಾಗಲಿಲ್ಲ.

ಆದರೆ ಗಮ್ ಒಂದರಿಂದಲೇ ಆಯಿತು ಅನ್ನಲಾರೆ. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಇತ್ತು, ಸಲೈನ್‌ನಲ್ಲಿ ಕೊಟ್ಟರು. ಮಾರ್ಫಿನ್ ಜಾತಿಯ ನೋವಿನ ಔಷಧ ಕರುಳನ್ನು ನಿಧಾನ ಮಾಡುತ್ತದೆ ಅಂತ ಅದನ್ನೂ ಇಳಿಸಿದರು. ಆಮೇಲೆ ಮಂಪರು ಕಡಿಮೆಯಾಗಿ, ಅವ್ವ ನನ್ನ ಕೈ ಹಿಡಿದು ವಾರ್ಡಿನ ತುಂಬ ನಡೆದಳು.

ಬಿಸಿನೀರು ಕುಡಿಸಿದ್ದು ಕೆಲಸಕ್ಕೆ ಬರಲಿಲ್ಲ, ವಾಂತಿಯಾಯಿತು. ಓಂಕಾಳಿನ ಕಷಾಯ ಸಿಸ್ಟರ್ ಬೇಡ ಅಂದರು.

ಗೊತ್ತೇ ಇರದಿದ್ದ ಸಂಗತಿ ಅಂದರೆ ಕಾಫಿ. ಇಂಥದೇ ಆಪರೇಷನ್ ಆದ ಹೆಂಗಸರಲ್ಲಿ ಕಾಫಿ ಕುಡಿದವರ ಕರುಳು ಬೇಗ ಚುರುಕಾಯಿತು ಅಂತ 2017ರ ಅಧ್ಯಯನವೊಂದರಲ್ಲಿದೆ. ನಮ್ಮದು ಚಹಾದ ಮನೆ, ಯಾರಿಗೆ ಹೊಳೆಯಬೇಕು ಅಲ್ವಾ? ಡಾಕ್ಟರ್ ಒಪ್ಪಿದ ಮೇಲೆ ಅರ್ಧ ಕಪ್ ಕೊಟ್ಟೆವು.

ವಾಂತಿ ನಿಲ್ಲದಿದ್ದರೆ, ಉಬ್ಬರ ಜಾಸ್ತಿಯಾದರೆ ಮನೆಮದ್ದು ಅಂತ ಕೂರಬೇಡಿ, ತಕ್ಷಣ ಡಾಕ್ಟರಿಗೆ ಹೇಳಿ. ಅವ್ವ ಈಗ ಮೆತ್ತಗಿನ ಅನ್ನ-ಮಜ್ಜಿಗೆ ಉಣ್ಣುತ್ತಿದ್ದಾಳೆ.