ಪದಚರ್ಚೆ: ಫ್ರ್ಯಾಕ್ಟಲ್‌ಗೆ ‘ಭಿನ್ನಾಕೃತಿ’ ಸಲ್ಲುತ್ತದೆಯೇ?

ಎಲ್ಲರಿಗೂ ಶರಣು.

ಕಲಬುರಗಿಯ ಪ್ರೌಢಶಾಲೆ ಮಕ್ಕಳಿಗಾಗಿ ಗಣಿತದ ಒಂದು ಕಿರುಲೇಖನ ಬರೆಯುತ್ತಿದ್ದೇನೆ. ಎಷ್ಟು ಹಿಗ್ಗಿಸಿ ನೋಡಿದರೂ ಹೊಸ ಹೊಸ ಅಂಕುಡೊಂಕು ಕಾಣುತ್ತಲೇ ಇರುವ ಆಕೃತಿಯೇ ‘ಫ್ರ್ಯಾಕ್ಟಲ್’. ಅದಕ್ಕೆ ‘ಸ್ವಸಮರೂಪಿ’ ಎಂದು ಗೆಳೆಯರೊಬ್ಬರು ಸೂಚಿಸಿದ್ದಾರೆ. ಭಾಗದೊಳಗೆ ಇಡಿಯ ರೂಪವೇ ಕಾಣುತ್ತದಲ್ಲ, ಅದಕ್ಕೆ. ನನಗೆ ಇದು ಒಪ್ಪಿಗೆಯಿಲ್ಲ. ಸರಳರೇಖೆಯ ತುಂಡೂ ಸರಳರೇಖೆಯೇ. ಸ್ವಸಮರೂಪಿ ಹೌದು, ಫ್ರ್ಯಾಕ್ಟಲ್ ಅಲ್ಲ. ಇತ್ತ ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಚರ್ಚಿಸಿದ ಬ್ರಿಟನ್ ಕರಾವಳಿಯ ತುಣುಕು ಇಡೀ ಕರಾವಳಿಯ ಪಡಿಯಚ್ಚಲ್ಲ. ಆದರೂ ಅಳತೆಗೋಲು ಚಿಕ್ಕದಾದಂತೆ ಅದರ ಉದ್ದ ಬೆಳೆಯುತ್ತ ಹೋಗುತ್ತದೆ, ಹಾಗಾಗಿ ಅದು ಫ್ರ್ಯಾಕ್ಟಲ್ ಬಗೆಯದು. ಬೀದರಿನ ಮಹಮೂದ್ ಗವಾನ್ ಮದರಸಾದ ಹೆಂಚಿನ ಚಿತ್ತಾರಕ್ಕೂ ಕೆಲವರು ಫ್ರ್ಯಾಕ್ಟಲ್ ಎಂಬ ಹೆಸರು ಹಚ್ಚುತ್ತಾರೆ. ಅಲ್ಲಿರುವುದು ಒಂದೇ ಅಳತೆಯ ಪುನರಾವರ್ತನೆ. ಎಷ್ಟು ಚೆಂದವಿದ್ದರೂ ಅದು ಬೇರೆ ಮಾತು.

ಫ್ರ್ಯಾಕ್ಟಲ್‌ನ ಜೀವ ಇರುವುದು ಮುರಿತದಲ್ಲಿ. ಸ್ವೀಡನ್ನಿನ ಗಣಿತಜ್ಞ ಹೆಲ್ಗೆ ಫಾನ್ ಕಾಕ್ 1904ರಲ್ಲಿ ಕೊಟ್ಟ ರೇಖೆಯನ್ನೇ ನೋಡಿ. ಸಮಬಾಹು ತ್ರಿಭುಜದ ಪ್ರತಿ ಬಾಹುವಿನ ನಡುವಿನ ಮೂರನೇ ಒಂದು ಭಾಗ ತೆಗೆದು, ಅಲ್ಲಿ ಅಷ್ಟೇ ಉದ್ದದ ಎರಡು ಗೆರೆಗಳ ಗುಡಾರ ಹೊರಮುಖವಾಗಿ ಏರಿಸಿ. ಹೊಸ ಗೆರೆಗಳಿಗೂ ಇದನ್ನೇ ಮಾಡಿ, ಮಾಡುತ್ತಲೇ ಇರಿ. ಪ್ರತಿ ಸುತ್ತಿನಲ್ಲಿ ಸುತ್ತಳತೆ 4/3 ಪಟ್ಟಾಗಿ ಅನಂತದತ್ತ ಓಡುತ್ತದೆ. ವಿಸ್ತೀರ್ಣ ಮಾತ್ರ ಮೊದಲ ತ್ರಿಭುಜದ 8/5ರಷ್ಟನ್ನು ಎಂದೂ ದಾಟದು! ಒಂದು ಹಾಳೆಯಲ್ಲಿ ಅಡಗುವ ಆಕೃತಿಗೆ ಮುಗಿಯದ ಅಂಚು. ಎಷ್ಟು ಸಲ ಲೆಕ್ಕ ಹಾಕಿದರೂ ಈ ಬೆರಗು ಇಳಿಯುವುದಿಲ್ಲ. ಇನ್ನು ಆಯಾಮ: ಮೂರು ಪಟ್ಟು ಹಿಗ್ಗಿಸಿದರೆ ಗೆರೆ ಮೂರು ಗೆರೆಯಾಗುತ್ತದೆ, ಚೌಕ ಒಂಬತ್ತು ಚೌಕವಾಗುತ್ತದೆ, ಒಂದು ಬಾಹುವಿನ ಮೇಲೆ ಮೂಡಿದ ಕಾಕ್ ರೇಖೆ ಅಂಥವೇ ನಾಲ್ಕಾಗುತ್ತದೆ. ಮೂರು ಎಂದರೆ 3ರ ಒಂದನೇ ಘಾತ, ಒಂಬತ್ತು ಎಂದರೆ ಎರಡನೇ ಘಾತ; ಆ ಘಾತವೇ ಆಯಾಮ. ನಾಲ್ಕು ಇವೆರಡರ ನಡುವೆ ಬರುತ್ತದೆ. ಹಾಗಾಗಿ ಅದರ ಆಯಾಮ 1ಕ್ಕೂ 2ಕ್ಕೂ ನಡುವೆ, ಸುಮಾರು 1.26.

ಮ್ಯಾಂಡೆಲ್‌ಬ್ರಾಟ್ 1975ರಲ್ಲಿ ಈ ಹೆಸರು ಕಟ್ಟಿದ್ದು ಲ್ಯಾಟಿನ್ನಿನ ‘ಫ್ರ್ಯಾಕ್ಟಸ್’ನಿಂದ, ಮುರಿದದ್ದು, ಒಡೆದದ್ದು ಎಂದರ್ಥ. ನಮ್ಮ ‘ಭಿನ್ನ’ಕ್ಕೂ ಮೂಲಾರ್ಥ ಅದೇ. ಕೈ ಮುರಿದ ವಿಗ್ರಹ ಕಂಡರೆ ‘ಮೂರ್ತಿ ಭಿನ್ನ ಆಗ್ಯಾದ, ಪೂಜಿ ಮಾಡಬಾರದು’ ಅನ್ನುತ್ತೇವೆ. ‘ಭಿನ್ನರಾಶಿ’ ಮಕ್ಕಳಿಗೆ ಪರಿಚಿತ. ಪೂರ್ಣಾಂಕವಲ್ಲದ ಆಯಾಮದ ಸುಳಿವೂ ಅದರಿಂದ ಸಿಗುತ್ತದೆ. ಅದಕ್ಕೇ ‘ಭಿನ್ನಾಕೃತಿ’ಯ ಕಡೆ ನನ್ನ ಒಲವು. ತೊಡಕೆಂದರೆ, ಇಂದಿನ ಓದುಗರು ಅದನ್ನು ‘ಬೇರೆ ಬಗೆಯ ಆಕೃತಿ’ ಎಂದೇ ಓದಿಯಾರು.

ಅಚ್ಚಗನ್ನಡದ ದಾರಿಯೂ ಒಂದಿದೆ: ನೆಲದ ಬಿರುಕಿನ ಹೆಸರುಗಳಿಂದ ಪದ ಕಟ್ಟುವುದು. ಬೇಸಿಗೆಯಲ್ಲಿ ನಮ್ಮ ಎರಿ (ಕಪ್ಪು ಮಣ್ಣಿನ) ಹೊಲ ಒಣಗಿ ಕುಗ್ಗಿದಾಗ ದೊಡ್ಡ ಬಿರುಕು, ಅದರಿಂದ ಕವಲೊಡೆದ ಸಣ್ಣವು, ಮತ್ತೆ ಕೂದಲೆಳೆಯಂಥವು ಬಿಡುತ್ತವೆ. ಕೆಲವು ಹಂತಕ್ಕೆ ನಿಂತರೂ ಅದು ಕಣ್ಣೆದುರಿನ ಫ್ರ್ಯಾಕ್ಟಲ್ ಬಗೆಯೇ. ಯಾದಗಿರಿ, ಬೀದರ ಕಡೆಯವರು ಹೇಳಬೇಕು: ದೊಡ್ಡ ಬಿರುಕಿಗೂ ಕವಲುಬಿರುಕಿಗೂ ನಿಮ್ಮ ಒಕ್ಕಲಿನ ಮಾತಿನಲ್ಲಿ ಬೇರೆ ಬೇರೆ ಹೆಸರುಗಳಿವೆಯೇ? ಶಾಲೆಯಲ್ಲಿ ಕಲಿಸುವವರಿಗೆ ಇನ್ನೊಂದು ಪ್ರಶ್ನೆ: ‘ಭಿನ್ನಾಕೃತಿ’ ಅಂದಾಗ ಮಕ್ಕಳಿಗೆ ಮೊದಲು ಹೊಳೆಯುವುದು ಒಡೆದದ್ದೋ, ಬೇರೆಯದ್ದೋ?