ಸ್ವಂತ ಸಿಎಮ್‌ಎಸ್ (ತಾಣದ ಲೇಖನ ನಿರ್ವಹಿಸೋ ತಂತ್ರಾಂಶ) ಕಟ್ಟಿದವರು ಅನುಭವ ಹೇಳಿ: ಜಾಂಗೋ, ವ್ಯಾಗ್‌ಟೇಲ್, ಲಾರವೆಲ್?

ಹೊಸಪುಟ: ಕನ್ನಡ ವಾರಪತ್ರಿಕೆಯೊಂದರ ತಾಣ ಹೊಸದಾಗಿ ಕಟ್ಟಬೇಕು. ಬರೆಯುವವರು ಹತ್ತು ಮಂದಿ, ತಿದ್ದುವವರು ಇಬ್ಬರು. ತಿದ್ದುವವರು ಒಪ್ಪಿದ ಮೇಲೇ ಪ್ರಕಟ ಆಗಬೇಕು. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ನನಗೆ ಪೈಥಾನ್ ಬರುತ್ತೆ, ಪಿಎಚ್‌ಪಿ ಅಷ್ಟಕ್ಕಷ್ಟೆ. ಪೈಥಾನ್‌ನ ಫ್ರೇಮ್‌ವರ್ಕ್ (ತಾಣ ಕಟ್ಟೋಕೆ ಸಿದ್ಧ ಚೌಕಟ್ಟು) ಜಾಂಗೋ ಮೇಲೆ ನಾನೇ ಕಟ್ಟಲಾ, ಜಾಂಗೋ ಮೇಲೆ ಕಟ್ಟಿರೋ ಸಿದ್ಧ ಸಿಎಮ್‌ಎಸ್ ವ್ಯಾಗ್‌ಟೇಲ್ ಹಾಕಲಾ, ಪಿಎಚ್‌ಪಿಯ ಫ್ರೇಮ್‌ವರ್ಕ್ ಲಾರವೆಲ್‌ಗೆ ಹೋಗಲಾ? ಮಾಡಿ ನೋಡಿದವರು ಹೇಳಿ.

ಅರೆನಿದ್ದೆ: ಬರೀ ಜಾಂಗೋ ಮೇಲೆ ನಾನು ಕಟ್ಟಿದ್ದು ಇವತ್ತಿಗೂ ಓಡ್ತಿದೆ. ಜಾಂಗೋ ಹುಟ್ಟಿದ್ದೇ ಅಮೆರಿಕದ ಕಾನ್ಸಸ್‌ನ ಒಂದು ಪತ್ರಿಕಾ ಕಚೇರಿಯಲ್ಲಿ, 2005ರಲ್ಲಿ ಹೊರಬಂತು. ಮಾಡೆಲ್ (ಡೇಟಾದ ರಚನೆ) ಬರೆದು ಅಡ್ಮಿನ್‌ಗೆ (ಜಾಂಗೋ ಕೊಡೋ ಸಿದ್ಧ ನಿರ್ವಹಣಾ ಪುಟ) ಸೇರಿಸಿದ ದಿನವೇ ಸಂಪಾದಕರು ಲೇಖನ ತುಂಬೋಕೆ ಶುರು ಮಾಡಿದ್ರು. ಆಮೇಲೆ ನೋಡಿ ಪೂಜೆ. ಪ್ರಕಟ ಮಾಡೋ ಮುಂಚೆ ಪುಟ ಹೇಗೆ ಕಾಣುತ್ತೆ ತೋರ್ಸು ಅಂದ್ರು, ಬರೆದೆ. ನಿನ್ನೆಯ ಪ್ರತಿ ವಾಪಸ್ ಬೇಕು ಅಂದ್ರು, ಬರೆದೆ. ಇಬ್ಬರು ಒಂದೇ ಲೇಖನ ತೆರೆದು ಒಬ್ಬರು ತಿದ್ದಿದ್ದರ ಮೇಲೆ ಇನ್ನೊಬ್ಬರು ಸೇವ್ ಒತ್ತಿದ್ರು, ಅದಕ್ಕೊಂದು ಬೀಗ. ಬೆಳಗ್ಗೆ ಆರಕ್ಕೆ ತಾನೇ ಪ್ರಕಟ ಆಗ್ಬೇಕು ಅಂದ್ರು. ಅದಕ್ಕೆ ಹಿನ್ನೆಲೆಯಲ್ಲಿ ಕೆಲಸ ಮಾಡಿಸೋ ಸೆಲೆರಿ, ಸೆಲೆರಿಗೆ ಕೆಲಸದ ಸಾಲು ಇಟ್ಕೊಳ್ಳೋ ರೆಡಿಸ್, ಅವೆರಡೂ ಉಸಿರಾಡ್ತಿವೆಯಾ ಅಂತ ಕಾಯೋಕೆ ಇನ್ನೊಂದು ಸ್ಕ್ರಿಪ್ಟ್.

ಸ್ಲಗ್‌ದು, ಅಂದ್ರೆ ಶೀರ್ಷಿಕೆಯಿಂದ ಮಾಡೋ ವಿಳಾಸದ ತುಣುಕಿಂದು, ಬೇರೆಯೇ ಗೋಳು. ಕನ್ನಡ ಶೀರ್ಷಿಕೆ ಕೊಟ್ರೆ ಅದನ್ನ ಮಾಡೋ ಜಾಂಗೋ ಫಂಕ್ಷನ್ ಸ್ಲಗಿಫೈ ಖಾಲಿ ಕೈ ತೋರಿಸುತ್ತೆ. ಯೂನಿಕೋಡ್ ಆಯ್ಕೆ ಆನ್ ಮಾಡಿದ್ರೆ ಅಕ್ಷರ ಉಳಿಯುತ್ತೆ, ಗುಣಿತ ಒತ್ತು ಎಲ್ಲಾ ಉದುರುತ್ತೆ, ಯಾಕಂದ್ರೆ ಪೈಥಾನ್ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕೋ ಸಾಧನ) ಅವನ್ನ ಪದದ ಭಾಗ ಅಂತಲೇ ಎಣಿಸಲ್ಲ. ‘ಸುದ್ದಿ’ ಹೋಗಿ ‘ಸದದ’ ಆಗಿ ಕೂತಿತ್ತು.

ಬೆರಳಚ್ಚು: ಅರೆನಿದ್ದೆ ಸರ್, ಪೂರ್ವನೋಟ, ಹಳೆ ಪ್ರತಿ, ಬೀಗ, ಒಪ್ಪಿಗೆಯ ಹಂತ, ಇಷ್ಟೂ ವ್ಯಾಗ್‌ಟೇಲ್‌ನಲ್ಲಿ ಬಂದೇ ಇರುತ್ತೆ. ಬೆಳಗ್ಗೆ ಆರಕ್ಕೆ ಪ್ರಕಟ ಮಾಡೋಕೆ ಹೇಳಿದ ಹೊತ್ತಿಗೆ ಕೆಲಸ ಓಡಿಸೋ ಕ್ರಾನ್‌ನಲ್ಲಿ ಒಂದು ಸಾಲು ಸಾಕು. ನೀವು ವರ್ಷಗಟ್ಟಲೆ ಕೂತು ಬರೆದಿದ್ದು ಅದನ್ನೇ.

ಹಾಗಂತ ನಾನೇನೂ ಸುಖವಾಗಿಲ್ಲ. 2018ರಲ್ಲಿ ವ್ಯಾಗ್‌ಟೇಲ್ 2.0 ಬಂದಾಗ ಇಂಪೋರ್ಟ್ ಹಾದಿ (ನಮ್ಮ ಕೋಡಿಂದ ಅದರ ಕೋಡನ್ನ ಕರೆಯೋ ವಿಳಾಸ) ‘ವ್ಯಾಗ್‌ಟೇಲ್ ಡಾಟ್ ವ್ಯಾಗ್‌ಟೇಲ್‌ಕೋರ್’ನಿಂದ ‘ವ್ಯಾಗ್‌ಟೇಲ್ ಡಾಟ್ ಕೋರ್’ ಆಯ್ತು. ಎಲ್ಲಾ ಕಡತ ತಿದ್ದಿ ಮುಗಿಸಿದ್ವಿ. 2022ರಲ್ಲಿ 3.0 ಬಂತು, ಆ ‘ಕೋರ್’ ಕೂಡ ಹೋಯ್ತು. ಲೇಖನವನ್ನ ಬ್ಲಾಕ್ ಬ್ಲಾಕಾಗಿ ಜೋಡಿಸೋ ಸ್ಟ್ರೀಮ್‌ಫೀಲ್ಡ್‌ನ ಕಾಟ ಅದಕ್ಕಿಂತ ಮೇಲು. ಒಳಗಿರೋದೆಲ್ಲ ಜೇಸನ್ (ಹೆಸರು-ಮೌಲ್ಯ ಜೋಡಿಸಿದ ಪಠ್ಯ). ನಮ್ಮ ಹುಡುಗ ಚಿತ್ರದ ಬ್ಲಾಕಿಗೆ ಚೆಂದದ ಹೆಸರು ಇಡ್ತೀನಿ ಅಂತ ಕೋಡಲ್ಲಿ ಬದಲಾಯಿಸಿದ, ಹಳೆ ಡೇಟಾದಲ್ಲೂ ಆ ಹೆಸರು ಬದಲಿಸೋ ಡೇಟಾ ಮೈಗ್ರೇಶನ್ ಬರೀಲಿಲ್ಲ. ಎರರ್ ಇಲ್ಲ, ಲಾಗ್ ಇಲ್ಲ, ಹಳೆ ಲೇಖನಗಳ ಚಿತ್ರ ಮಾತ್ರ ಮಾಯ. ಅದು ಗೊತ್ತಾಗೋ ಹೊತ್ತಿಗೆ ಸಂಪಾದಕರು ಒಂದಷ್ಟು ಲೇಖನ ತೆರೆದು ಮತ್ತೆ ಸೇವ್ ಮಾಡಿ ಅವುಗಳ ಚಿತ್ರ ಪೂರ್ತಿ ಕಳ್ಕೊಂಡಿದ್ರು. ಆ ಚಿತ್ರಗಳನ್ನ ರಿವಿಷನ್‌ಗಳ (ಹಳೆ ಪ್ರತಿಗಳ) ಒಳಗಿನ ಜೇಸನ್ ಹೆಕ್ಕಿ ಒಂದೊಂದಾಗಿ ಕೂಡಿಸಿದ್ದು ನಾನು.

ಅರೆನಿದ್ದೆ: ಅದಕ್ಕೇ ಹೇಳಿದ್ದು, ನನ್ನದು ಸರಳ ಟೇಬಲ್. ಕಾಲಂ ಹೆಸರು ಬದಲಾದ್ರೆ ಜಾಂಗೋ ಕೇಳುತ್ತೆ, ಮಾಯ ಮಾಡಲ್ಲ.

ಬೆರಳಚ್ಚು: ಸರಳ ಟೇಬಲ್ಲಲ್ಲಿ ಲೇಖನದ ನಡುವೆ ಚಿತ್ರ ಹೇಗೆ ಹಾಕ್ತಾರೆ ನಿಮ್ಮವರು? ಎಚ್‌ಟಿಎಮ್‌ಎಲ್ ಕೈಯಲ್ಲಿ ಬರೀತಾರಾ?

ಅರೆನಿದ್ದೆ: ಹೌದು ಮೇಡಂ. ಕಲಿತಿದ್ದಾರೆ. ಸಂಪಾದಕರನ್ನ ಮಕ್ಕಳ ಥರ ನೋಡೋದು ಬಿಡಿ.

ಗೋಡೆಗಡಿಯಾರ: ಪೈಥಾನ್‌ನವರ ಜಗಳ ಮುಗಿದಿದ್ರೆ ನಂದೂ ಕೇಳಿ. ನಾವು ಪಿಎಚ್‌ಪಿಯ ಸಿಎಮ್‌ಎಸ್ ಡ್ರೂಪಲ್ 7ರಲ್ಲಿದ್ವಿ. 2015ರಲ್ಲಿ ಡ್ರೂಪಲ್ 8 ಸಿಂಫನಿ ಅನ್ನೋ ಪಿಎಚ್‌ಪಿ ಫ್ರೇಮ್‌ವರ್ಕಿನ ಕಾಂಪೊನೆಂಟ್‌ಗಳ ಮೇಲೆ ಬಂತು. ಅಪ್‌ಗ್ರೇಡ್ ಅಂದ್ರು, ಅದು ಮನೆ ಕೆಡವಿ ಕಟ್ಟೋ ಕೆಲಸ. ಪುಟದ ಟೆಂಪ್ಲೇಟ್ ಎಲ್ಲಾ ಟ್ವಿಗ್ ಅನ್ನೋ ಹೊಸ ಟೆಂಪ್ಲೇಟ್ ಭಾಷೆಗೆ, ನಮ್ಮ ಸ್ವಂತ ಮಾಡ್ಯೂಲ್‌ಗಳೆಲ್ಲ ಹೊಸದಾಗಿ. 7ಕ್ಕೆ ಬೆಂಬಲ ನಿಲ್ಲೋ ದಿನ ಮುಂದೆ ಹೋಗ್ತಾ ಹೋಗ್ತಾ 2025ರ ಜನವರಿ 5ಕ್ಕೆ ನಿಂತಿತು. ಅಷ್ಟರಲ್ಲಿ ನಾವು ಲಾರವೆಲ್‌ಗೆ ಹಾರಿದ್ವಿ. ಡೇಟಾ ಸಾಗಿಸೋದು ಸುಲಭ ಅಂದಿದ್ದ ಗುತ್ತಿಗೆದಾರ ಅರ್ಧಕ್ಕೆ ಕೈ ಎತ್ತಿದ. ಹಳೆ ಲೇಖನಗಳ ಒಳಗೆ ವರ್ಡ್‌ನಿಂದ ಅಂಟಿಸಿದ ಸ್ಟೈಲ್ ಟ್ಯಾಗ್, ಹಳೆ ಡೊಮೇನಿನ ಚಿತ್ರ, ನೋಡ್ (ಡ್ರೂಪಲ್‌ನಲ್ಲಿ ಒಂದು ಲೇಖನ) ನಂಬರಿನ ಕೊಂಡಿ. ಹಳೆ ವಿಳಾಸದಿಂದ ಹೊಸದಕ್ಕೆ ಕಳಿಸೋ ರೀಡೈರೆಕ್ಟ್ ಟೇಬಲ್ ಲೇಖನದ ಟೇಬಲ್‌ಗಿಂತ ದೊಡ್ಡದಾಯ್ತು. ಲಾರವೆಲ್ ಏನೂ ಸ್ವರ್ಗ ಅಲ್ಲ. ವರ್ಷಕ್ಕೊಂದು ಆವೃತ್ತಿ, ದೋಷ ತಿದ್ದೋದು 18 ತಿಂಗಳು, ಸೆಕ್ಯುರಿಟಿ 2 ವರ್ಷ. ಆರನೇ ಆವೃತ್ತಿ ಆದ ಮೇಲೆ ಎಲ್‌ಟಿಎಸ್ (ಹೆಚ್ಚು ಕಾಲ ಬೆಂಬಲ ಸಿಗೋ ಆವೃತ್ತಿ) ಅನ್ನೋದೇ ಇಲ್ಲ. ಜಾಂಗೋ 5.2 ಎಲ್‌ಟಿಎಸ್ 2028ರ ಏಪ್ರಿಲ್ ತನಕ ಬರುತ್ತೆ ಅಂತ ನೋಡಿ ಹೊಟ್ಟೆ ಉರೀತು.

ಹೊಸಪುಟ: ಸ್ಲಗ್‌ಗೆ ಕೊನೆಗೆ ಏನು ಮಾಡಿದ್ರಿ ಸರ್?

ಅರೆನಿದ್ದೆ: ಜಾಂಗೋದ ಸ್ಲಗ್‌ಫೀಲ್ಡ್ ಬಿಟ್ಟು ಸಾದಾ ಪಠ್ಯದ ಕ್ಯಾರ್‌ಫೀಲ್ಡ್ ಹಾಕಿದೆ, ಸ್ಲಗ್‌ಫೀಲ್ಡ್‌ನ ವ್ಯಾಲಿಡೇಟರ್ (ತುಂಬಿದ್ದನ್ನ ತಪಾಸಣೆ ಮಾಡೋದು) ಕೂಡ ಗುಣಿತ ಒಪ್ಪಲ್ಲ. ಶುದ್ಧ ಮಾಡೋ ಫಂಕ್ಷನ್ ನನ್ನದೇ. ವಿಳಾಸದಲ್ಲಿ ಲೇಖನದ ನಂಬರ್ ಇರುತ್ತೆ, ಶೀರ್ಷಿಕೆ ಬರೀ ಅಲಂಕಾರ.

ಕಡತ: ಲೈಸೆನ್ಸ್ ಬಗ್ಗೆ ಯಾರೂ ಬಾಯಿ ಬಿಡಲ್ಲ. ಲಾರವೆಲ್ ಮೇಲಿನ ಅಕ್ಟೋಬರ್ ಸಿಎಮ್‌ಎಸ್ 2021ರಲ್ಲಿ ದುಡ್ಡಿನ ಲೈಸೆನ್ಸ್‌ಗೆ ಹೋಯ್ತು, ಅದೇ ವರ್ಷ ಅದರಿಂದ ವಿಂಟರ್ ಅನ್ನೋ ಬೇರೆ ಮುಕ್ತ ಸಿಎಮ್‌ಎಸ್ ಕವಲೊಡೀತು. ಫ್ರೇಮ್‌ವರ್ಕ್ ಮುಕ್ತ ಅಂತ ಮೇಲಿನದ್ದೂ ಮುಕ್ತ ಅಂದ್ಕೊಬೇಡಿ. ನಾನು ಡೇಟಾಬೇಸನ್ನೇ ಬಿಟ್ಟೆ. ಸರಳ ಗುರುತಿನ ಮಾರ್ಕ್‌ಡೌನ್ ಕಡತ, ಬದಲಾವಣೆ ದಾಖಲಿಸೋ ಗಿಟ್, ಮುಗೀತು.

ಗೋಡೆಗಡಿಯಾರ: ಕಡತ ಅವರೇ, ಲೈಸೆನ್ಸ್‌ಗೆ ದುಡ್ಡು ಕೇಳಿದ್ದು ತಪ್ಪಾ? ಬರೆದವರು ಗಾಳಿ ಕುಡಿದು ಬದುಕಬೇಕಾ? ಅದಿರಲಿ, ಗಿಟ್‌ನಲ್ಲಿ ಇಬ್ಬರ ತಿದ್ದುಪಡಿ ಡಿಕ್ಕಿ ಆದ್ರೆ ನಿಮ್ಮ ಲೇಖಕರು ಆ ಮರ್ಜ್ ಕಾನ್‌ಫ್ಲಿಕ್ಟ್ ಬಿಡಿಸ್ತಾರಾ?

ಕಡತ: ಕೆಲವರು ಕಲಿತಿದ್ದಾರೆ. ಉಳಿದವರು ವರ್ಡ್ ಫೈಲ್ ಮೇಲ್ ಮಾಡ್ತಾರೆ, ನಾನು ಹಾಕ್ತೀನಿ.

ಬೆರಳಚ್ಚು: ಹಾಗಾದ್ರೆ ಸಿಎಮ್‌ಎಸ್ ನೀವೇ. ರಜೆ ಹಾಕಿದ್ರೆ ಪತ್ರಿಕೆ ಬಂದ್.

ಕಡತ: ಇರಲಿ ಮೇಡಂ. ನನ್ನ ತಾಣದಲ್ಲಿ ಹ್ಯಾಕ್ ಮಾಡೋಕೆ ಲಾಗಿನ್ ಪುಟವೇ ಇಲ್ಲ. ನಿಮ್ಮದು ಯಾವ ಆವೃತ್ತಿಯಲ್ಲಿದೆ, ಹೇಳಿ ನೋಡೋಣ?