‘ಬೇಡ ಎನ್ನುವ ಹಕ್ಕು ನನಗಿದೆಯೇ?’: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮೈಸೂರಿನ ಓದುಗರೊಬ್ಬರು ತಮ್ಮ ಮನೆಯ ತೊಳಲಾಟ ಬರೆದಿದ್ದರು. ಪತಿ ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಕುಲಪತಿ ಹುದ್ದೆಗೆ ಅರ್ಜಿ ಕರೆದಿದ್ದಾರೆ. ಅರ್ಹತೆ ಇದೆ, ಹಿತೈಷಿಗಳ ಒತ್ತಾಯವೂ ಇದೆ. ಈ ನಡುವೆ ಯಾರೋ ಮನೆಗೆ ಫೋನ್ ಮಾಡಿ ‘ಮೇಲಿನವರನ್ನು ಸ್ವಲ್ಪ ನೋಡಿಕೊಳ್ಳಬೇಕಾಗುತ್ತದೆ’ ಎಂದಿದ್ದಾರೆ. ಪತಿ ಹೂಂ ಅನ್ನುತ್ತಿಲ್ಲ, ಊಹೂಂ ಅನ್ನುತ್ತಿಲ್ಲ. ‘ಇರುವ ನೆಮ್ಮದಿಯೇ ಸಾಕು ಅನ್ನಿಸುತ್ತದೆ. ಬೇಡ ಎನ್ನುವ ಹಕ್ಕು ನನಗಿದೆಯೇ?’ ಎಂಬುದು ಆ ಸಹೋದರಿಯ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಅರ್ಜಿ ಹಾಕುವವರು ಅವರು. ಪತ್ರಿಕೆಗೆ ಬರೆಯುವ ಮೊದಲು ಅವರೆದುರು ಕೂತು ಕೇಳಬೇಕಿತ್ತು. ಮನೆಯೊಳಗೆ ಮುಗಿಯಬೇಕಾದ ಮಾತನ್ನು ಊರಿಗೆಲ್ಲ ಹಂಚಿದ್ದು ಸರಿಯಲ್ಲ.
(ಓದುಗರು, ತುಮಕೂರು)

*

ಹಕ್ಕಿನ ಮಾತಿಗೆ ಮೊದಲು ಆ ಫೋನಿನ ಮಾತು ಇತ್ಯರ್ಥವಾಗಲಿ ಎಂದವರು ಹಲವರು. ವಿಶ್ವವಿದ್ಯಾಲಯದ ಆಡಳಿತ ವಿಭಾಗದಲ್ಲೇ ಸೇವಾವಧಿ ಕಳೆದ ಹಿರಿಯರು ವಿಷಯವನ್ನು ಬಿಡಿಸಿ ಬರೆದಿದ್ದಾರೆ.

*

ಅಮ್ಮಾ, ಆ ಫೋನಿಗೆ ಹೆದರಬೇಡಿ. ನೇಮಕ ಹೇಗೆ ನಡೆಯುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ ಒಂದು ಶೋಧನಾ ಸಮಿತಿ ಇರುತ್ತದೆ. ಅದರಲ್ಲಿ ನಾಲ್ವರು: ಕುಲಾಧಿಪತಿಗಳಾದ ರಾಜ್ಯಪಾಲರಿಂದ ಒಬ್ಬರು, ರಾಜ್ಯ ಸರ್ಕಾರದಿಂದ ಒಬ್ಬರು, ಯುಜಿಸಿಯಿಂದ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಬ್ಬರು, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನಿಂದ ಒಬ್ಬರು. ಇವರು ಹೆಸರುಗಳ ಪಟ್ಟಿ ಕೊಡುತ್ತಾರೆ. ರಾಜ್ಯಪಾಲರು ಸರ್ಕಾರದ ಸಹಮತಿ ಪಡೆದು ಒಬ್ಬರನ್ನು ನೇಮಿಸುತ್ತಾರೆ. ಯುಜಿಸಿಯ 2018ರ ನಿಯಮದಂತೆ ಪ್ರಾಧ್ಯಾಪಕರಾಗಿ, ಇಲ್ಲವೇ ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ, ಹತ್ತು ವರ್ಷ ಕೆಲಸ ಮಾಡಿರಬೇಕು. ಇಷ್ಟು ಬಾಗಿಲು ದಾಟಬೇಕಾದ ಕಡತವನ್ನು ‘ನಾನು ಮಾಡಿಸಿಕೊಡುತ್ತೇನೆ’ ಎನ್ನುವವನ ಕೈಯಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಸಮಿತಿಯಲ್ಲಿ ಯಾರಿದ್ದಾರೆ ಎಂಬ ಸುದ್ದಿ ಮೊದಲೇ ತಿಳಿದಿರುತ್ತದೆ, ಅದನ್ನೇ ಬಂಡವಾಳ ಮಾಡಿಕೊಂಡು ಐದಾರು ಅಭ್ಯರ್ಥಿಗಳಿಗೆ ಫೋನ್ ಮಾಡುತ್ತಾನೆ. ಐವರಲ್ಲಿ ಒಬ್ಬರಿಗೆ ಹೇಗೂ ಹುದ್ದೆ ಸಿಗುತ್ತದೆ. ಅವರ ಹತ್ತಿರ ‘ನಾನೇ ಮಾಡಿಸಿದ್ದು’ ಎನ್ನುತ್ತಾನೆ.

ಇನ್ನೊಂದು ಮಾತು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ನೇರವಾಗಿ ಅಪರಾಧ. ಆ ನಂಬರನ್ನು ಅಳಿಸಬೇಡಿ. ಮತ್ತೆ ಕರೆ ಬಂದರೆ ಲೋಕಾಯುಕ್ತಕ್ಕೆ ತಿಳಿಸಿ. ಯಜಮಾನರು ಅರ್ಜಿ ಹಾಕಲಿ, ಒಂದು ಪೈಸೆಯನ್ನೂ ಬಿಚ್ಚದಿರಲಿ. ಸಿಕ್ಕರೆ ಸಿಕ್ಕಿತು.
(ನಿವೃತ್ತ ಸೂಪರಿಂಟೆಂಡೆಂಟ್, ಬೆಂಗಳೂರು)

*

ಧಾರವಾಡದ ಓದುಗರು ಪ್ರಶ್ನೆಯನ್ನು ತುಸು ಪಕ್ಕಕ್ಕೆ ಸರಿಸಿದ್ದಾರೆ. ಆದರೂ ಕೇಳಬೇಕಾದ ಮಾತು.

*

ಅಕ್ಕಾರ, ನಮಸ್ಕಾರ. ನಿಮ್ಮ ಯಜಮಾನರು ಹೋಗಬೇಕೋ ಬ್ಯಾಡೋ ಅನ್ನೂದು ನಿಮ್ಮ ಮನಿ ಮಾತು, ಅದರಾಗ ನಾ ಬಾಯಿ ಹಾಕೂದಿಲ್ಲ. ನನ್ನ ಸಂಕಟ ಬ್ಯಾರೆ.

ಡಿ.ಸಿ. ಪಾವಟೆಯವರು ನಮ್ಮ ಕರ್ನಾಟಕ ವಿಶ್ವವಿದ್ಯಾಲಯಕ್ಕ ಕುಲಪತಿಯಾಗಿ ಬಂದದ್ದು 1954ರಾಗ, ಬಿಟ್ಟದ್ದು 1967ರಾಗ, ಪಂಜಾಬದ ರಾಜ್ಯಪಾಲರಾಗಿ ಹೋಗೂ ಮುಂದ. ಗೋಕಾಕ ಕಡೆ ಮಮದಾಪುರದಾವರು, ಕೇಂಬ್ರಿಡ್ಜಿನಾಗ ಗಣಿತ ಓದಿ, ಮೊದಲ ದರ್ಜಿಯೊಳಗ ಪಾಸಾಗಿ ರ್‍ಯಾಂಗ್ಲರ್ ಆದಾವರು, ಮುಂಬೈ ಸರ್ಕಾರದಾಗ ಶಿಕ್ಷಣ ಇಲಾಖೆ ನಡೆಸಿದಾವರು. ಛೋಟಾ ಮಹಾಬಳೇಶ್ವರ ಗುಡ್ಡದ ಮ್ಯಾಲೆ ನಿಂತ ಕ್ಯಾಂಪಸ್ಸು ಅವರ ಆ ಹದಿಮೂರು ವರ್ಷದ ದುಡಿಮಿ. ಆ ಜಾಗಾಕ್ಕ ಈಗ ಪಾವಟೆ ನಗರ ಅಂತನ ಹೆಸರು. ನಾ ಅಲ್ಲೇ ಎಂ.ಎ. ಮಾಡಿದ್ದು.

ಈಗ ಕುಲಪತಿಗೆ ಸಿಗೂದು ಬರೇ ನಾಕು ವರ್ಷ. ಮೊದಲನೇ ವರ್ಷ ಹಳೇ ಕೇಸು, ಹಳೇ ಬಾಕಿ ತಿಳಕೊಳ್ಳೂದ್ರಾಗ ಹೋಗತದ. ಕಡೀ ವರ್ಷ ‘ಇವರು ಹೊಂಟರು’ ಅಂತ ಯಾರೂ ಮಾತು ಕೇಳಂಗಿಲ್ಲ. ಮುಂದ ಹೊಸಬರು ಬರೂತನಕ ಹಿರೇ ಡೀನ್‌ರು ಪ್ರಭಾರ ಕುಲಪತಿ ಆಗಿ ತಿಂಗಳುಗಟ್ಟಲೆ ಕೂಡತಾರ. ನಡುವಿನ ಎರಡು ವರ್ಷದಾಗ ಎಂಥಾ ಜಾಣ ಬಂದ್ರೂ ಏನ ಕಟ್ಟ್ಯಾನು? ಅರ್ಜಿ ಹಾಕಾವರು ಸರ್ಕಾರಕ್ಕ ಮೊದಲು ಇದನ್ನ ಕೇಳಬೇಕು ನೋಡ್ರಿ.
(ಹಳೇ ವಿದ್ಯಾರ್ಥಿ, ಧಾರವಾಡ)

*

ಮುಂದಿನ ಪತ್ರವನ್ನು ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ.

*

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಯಜಮಾನರು ಒಂದು ಅವಧಿಗೆ ಕುಲಪತಿಗಳಾಗಿದ್ದರು. ಯಾವ ವಿಶ್ವವಿದ್ಯಾಲಯ ಎಂದು ಬರೆಯುವುದಿಲ್ಲ. ಈಗ ಅವರಿಲ್ಲ.

ಅಧಿಕಾರ ವಹಿಸಿಕೊಂಡ ದಿನ ಮನೆ ತುಂಬ ಶಾಲು, ಪೇಟ, ಹಣ್ಣಿನ ಬುಟ್ಟಿ. ಆ ಹಣ್ಣು ಹಂಚಿ ಮುಗಿಯುವ ಮೊದಲೇ ಹಣಕಾಸು ಅಧಿಕಾರಿ ಕಡತ ಹಿಡಿದು ಬಂದರು. ನಿವೃತ್ತರ ಪಿಂಚಣಿಗೆ ದುಡ್ಡಿಲ್ಲ. ಸರ್ಕಾರದ ಅನುದಾನದ ಕಂತು ಬಂದಿಲ್ಲ. ಖಾತೆಯಲ್ಲಿರುವುದು ಸಂಯೋಜಿತ ಕಾಲೇಜುಗಳ ಪರೀಕ್ಷಾ ಶುಲ್ಕ ಮಾತ್ರ. ಅದನ್ನು ಸದ್ಯಕ್ಕೆ ಪಿಂಚಣಿಗೆ ತಿರುಗಿಸಬೇಕು, ಅದಕ್ಕೆ ಕುಲಪತಿಗಳ ಸಹಿ ಬೇಕು. ಇವರು ಊಟದ ಮೇಜಿನ ಮೇಲೆ ಆ ಕಡತ ಬಿಡಿಸಿಕೊಂಡು ಬಹಳ ಹೊತ್ತು ಕೂತಿದ್ದರು. ನಾನೂ ಬಗ್ಗಿ ನೋಡಿದೆ. ಟಿಪ್ಪಣಿ ಹಾಳೆಯಲ್ಲಿ ಒಂದರ ಕೆಳಗೊಂದು ಸಹಿ, ಪ್ರತಿ ಸಹಿಯ ಮೇಲೂ ‘ಕುಲಪತಿಗಳ ಆದೇಶಕ್ಕಾಗಿ ಸಲ್ಲಿಸಿದೆ’ ಎಂಬ ಅದೇ ಸಾಲು. ಮಾಡಬಹುದು ಎಂದು ಯಾರೂ ಬರೆದಿರಲಿಲ್ಲ, ಮಾಡಬಾರದು ಎಂದೂ ಬರೆದಿರಲಿಲ್ಲ. ಪಿಂಚಣಿಗೆ ಕಾದಿದ್ದವರಲ್ಲಿ ಇವರಿಗೆ ಪಾಠ ಹೇಳಿದ ಮೇಷ್ಟ್ರೂ ಇದ್ದರು, ಎಂಬತ್ತು ದಾಟಿತ್ತು. ಬೆಳಿಗ್ಗೆ ಎದ್ದು ಸಹಿ ಹಾಕಿದರು.

ಆ ಸಹಿ ನಮ್ಮ ಬೆನ್ನು ಬಿಡಲಿಲ್ಲ. ಆಡಿಟ್ ಆಕ್ಷೇಪಣೆ ಬಂತು. ಅವಧಿ ಮುಗಿದ ಮೇಲೆ ವಿಚಾರಣೆ ಬಂತು. ವಿಚಾರಣೆ ಬಾಕಿ ಇದೆ ಎಂದು ಇವರದೇ ನಿವೃತ್ತಿ ಹಣ ನಿಂತಿತು. ಮಗಳ ಮದುವೆಯ ವೇಳೆಗೆ ಪೇಪರಿನಲ್ಲಿ ಹೆಸರು ಬಂದಿತ್ತು. ಬೀಗರು ಒಳ್ಳೆಯವರು, ಏನೂ ಕೇಳಲಿಲ್ಲ, ಆದರೆ ಮಂಟಪದಲ್ಲಿ ಇವರು ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ. ನೋಟಿಸು ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಸಹಿ ಮಾಡಿ ತೆಗೆದುಕೊಳ್ಳುತ್ತಿದ್ದವಳು ನಾನು. ಕೊನೆಗೆ ‘ಆರೋಪ ಸಾಬೀತಾಗಿಲ್ಲ’ ಎಂಬ ಒಂದು ಹಾಳೆ ಬಂತು. ಆಗ ಅವರು ಹಾಸಿಗೆ ಹಿಡಿದಿದ್ದರು. ಓದಿ ಹೇಳಿದೆ. ‘ಜೆರಾಕ್ಸ್ ಮಾಡಿಸಿಡು’ ಅಂದರು.

ಇದಕ್ಕಿಂತ ನನಗೆ ಹೆಚ್ಚು ನೋವಾದದ್ದು ಇನ್ನೊಂದು. ನಾಲ್ಕು ವರ್ಷ ಕಳೆದು ವಿಭಾಗಕ್ಕೆ ಮರಳಿದಾಗ ಅವರ ಕೈಕೆಳಗಿನ ಸಂಶೋಧನಾ ವಿದ್ಯಾರ್ಥಿಗಳು ಬೇರೆ ಮಾರ್ಗದರ್ಶಕರ ಬಳಿ ಹೋಗಿಯಾಗಿತ್ತು. ಅವರ ಕೋಣೆಯಲ್ಲಿ ಹೊಸಬರೊಬ್ಬರು ಕೂತಿದ್ದರು. ಮೂವತ್ತು ವರ್ಷ ಬೆಳೆಸಿದ್ದ ವಿಷಯವನ್ನು ಅವರು ಮತ್ತೆ ಕೈಗೆತ್ತಿಕೊಳ್ಳಲೇ ಇಲ್ಲ.

ಹಾಗಂತ ಆ ನಾಲ್ಕು ವರ್ಷ ಮಣ್ಣುಪಾಲಾಯಿತು ಎನ್ನಲಾರೆ. ಅವರಿದ್ದಾಗ ಪರೀಕ್ಷೆ ಮುಗಿದ ಮೇಲೆ ಫಲಿತಾಂಶಕ್ಕೆ ಮಕ್ಕಳು ಕಾದು ಕೂರಬೇಕಾಗಿರಲಿಲ್ಲ. ಅಂಕಪಟ್ಟಿಗಾಗಿ ದೂರದ ತಾಲ್ಲೂಕುಗಳಿಂದ ಬಸ್ಸು ಹತ್ತಿ ಬಂದು ಕಿಟಕಿ ಮುಂದೆ ನಿಲ್ಲುವುದು ತಪ್ಪಿತು. ಹೆಣ್ಣುಮಕ್ಕಳ ಹಾಸ್ಟೆಲಿಗೆ ನೀರು ಬಂತು. ಇವೆಲ್ಲ ಅವರಿಂದಲೇ ಆದದ್ದು, ನಾನು ಕಣ್ಣಾರೆ ಕಂಡಿದ್ದೇನೆ.

ನಿಮಗೆ ಹಕ್ಕಿದೆ ತಾಯಿ. ಆ ಬಂಗಲೆಯಲ್ಲಿ ನೀವೂ ಇರಬೇಕು, ಆಮೇಲಿನದನ್ನೂ ನೀವು ಅನುಭವಿಸಬೇಕು. ಬೇಡ ಅನ್ನುವುದಾದರೆ ಅರ್ಜಿಯ ಮೊದಲೇ ಅನ್ನಿ. ಸರಿ ಅನ್ನುವುದಾದರೆ ಈ ಮಾತುಗಳನ್ನು ಅವರಿಂದ ಒಪ್ಪಿಸಿಕೊಳ್ಳಿ: ಯಾರದೇ ಬಾಯಿಮಾತಿನ ಆದೇಶಕ್ಕೆ ಸಹಿ ಹಾಕಬಾರದು, ಎಲ್ಲವೂ ಬರಹದಲ್ಲಿ ಬರಬೇಕು, ಅದರ ಪ್ರತಿ ಮನೆಯಲ್ಲಿರಬೇಕು. ಒಬ್ಬಿಬ್ಬರಾದರೂ ಸಂಶೋಧನಾ ವಿದ್ಯಾರ್ಥಿಗಳನ್ನು ಉಳಿಸಿಕೊಳ್ಳಬೇಕು. ಮೈಸೂರಿನ ಮನೆ ಬಾಡಿಗೆಗೆ ಕೊಡಬಾರದು.
(ಹೆಸರು, ಊರು ಬೇಡ)

*

‘ಹೋಗಬೇಡಿ’ ಎಂಬ ಮಾತು ಈ ಪತ್ರದಲ್ಲಿ ಎಲ್ಲೂ ಇಲ್ಲ ಎಂಬುದನ್ನು ಮೈಸೂರಿನ ಸಹೋದರಿ ಗಮನಿಸಿರುತ್ತಾರೆ. ಬಸವನಗುಡಿಯ ಓದುಗರಿಗೆ ನೆನಪಾದದ್ದು ಬೇರೊಂದು ಬದುಕು.

*

ಎಚ್. ನರಸಿಂಹಯ್ಯನವರು 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಖಾದಿ ಪಂಚೆ, ಜುಬ್ಬ, ತಲೆಗೆ ಗಾಂಧಿ ಟೋಪಿ. ಅಮೆರಿಕದ ಓಹಿಯೊದಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಮಾಡಿ ಬಂದವರು ಬಾಳಿದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು 1976ರಲ್ಲಿ ಸಮಿತಿ ಮಾಡಿ ದೊಡ್ಡವರ ಮುನಿಸು ಕಟ್ಟಿಕೊಂಡರು. ಅವರಿಗೆ ಸಂಸಾರವಿರಲಿಲ್ಲ, ಕಳೆದುಕೊಳ್ಳುವ ಭಯವೂ ಇರಲಿಲ್ಲ. ಸಂಸಾರಸ್ಥರಿಂದ ಅಷ್ಟು ಧೈರ್ಯ ಕೇಳುವುದು ನ್ಯಾಯವಲ್ಲ. ಆದರೂ ಹುದ್ದೆಗೆ ಮರ್ಯಾದೆ ಬರುವುದು ಅಂಥವರಿಂದ.
(ನಿವೃತ್ತ ಅಧ್ಯಾಪಕ, ಬಸವನಗುಡಿ)

*

ನಾನು ಪ್ರಾಧ್ಯಾಪಕಿ. ಅರ್ಹತೆಯ ವರ್ಷಗಳೆಲ್ಲ ತುಂಬಿವೆ. ‘ನೀವೂ ಅರ್ಜಿ ಹಾಕಿ ಮೇಡಂ’ ಎಂದು ಇದುವರೆಗೆ ಒಬ್ಬರೂ ಹೇಳಿಲ್ಲ. 1949ರಲ್ಲೇ ಹಂಸಾ ಮೆಹ್ತಾ ಬರೋಡಾದಲ್ಲಿ ಕುಲಪತಿಯಾದರು. ಅದಾಗಿ ಮುಕ್ಕಾಲು ಶತಮಾನ ಕಳೆದಿದೆ. ನಮ್ಮಲ್ಲಿ ಶಿಫಾರಸಿನ ಹೆಸರು ಮೇಲೇಳುವಾಗ ಯಾವ ಜಿಲ್ಲೆ, ಯಾವ ಸಮುದಾಯ, ಯಾವ ಮಠ ಎಂದು ನೋಡುತ್ತಾರೆ. ಹೆಂಗಸು ಆ ಲೆಕ್ಕದಲ್ಲಿ ಬರುವುದೇ ಕಡಿಮೆ. ಸಹೋದರಿ, ನಿಮ್ಮವರಿಗೆ ಜನ ಒತ್ತಾಯ ಮಾಡುತ್ತಿದ್ದಾರೆ ಎಂದಿರಿ. ಆ ಒತ್ತಾಯ ಎಲ್ಲರಿಗೂ ಸಿಗುವುದಿಲ್ಲ. ಈ ಸಲ ನಾನಂತೂ ಅರ್ಜಿ ಹಾಕುತ್ತಿದ್ದೇನೆ.
(ಪ್ರಾಧ್ಯಾಪಕಿ, ಕಲ್ಯಾಣ ಕರ್ನಾಟಕ)

*

ಈ ಓದುಗರಿಗೆ ನಮ್ಮ ಶುಭ ಹಾರೈಕೆ. ದೂರದಿಂದ ಬಂದ ಪತ್ರ ಇನ್ನೊಂದು.

*

ನಾನಿರುವ ಹ್ಯೂಸ್ಟನ್‌ನಲ್ಲಿ ಇಡೀ ಸಾರ್ವಜನಿಕ ವಿಶ್ವವಿದ್ಯಾಲಯ ವ್ಯವಸ್ಥೆಯ ಚಾನ್ಸಲರ್ ಆಗಿ 2008ರಲ್ಲಿ ಬಂದವರು ರೇಣು ಖಾಟೋರ್. ಹ್ಯೂಸ್ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರೂ ಅವರೇ. ಉತ್ತರ ಪ್ರದೇಶದ ಫರ್ರೂಖಾಬಾದಿನವರು, ಹದಿನೆಂಟಕ್ಕೇ ಮದುವೆಯಾಗಿ ಅಮೆರಿಕಕ್ಕೆ ಬಂದು ಓದಿದವರು, ಅದಕ್ಕೆ ಮೊದಲು ಫ್ಲಾರಿಡಾದಲ್ಲಿ ಪ್ರೊವೋಸ್ಟ್ (ವಿಶ್ವವಿದ್ಯಾಲಯದ ಶೈಕ್ಷಣಿಕ ಆಡಳಿತದ ಮುಖ್ಯಸ್ಥೆ) ಆಗಿದ್ದರು. ಪತಿಯೂ ಪ್ರಾಧ್ಯಾಪಕರೇ. ಹದಿನೈದು ವರ್ಷಕ್ಕೂ ಮೀರಿ ಒಬ್ಬರೇ ನಡೆಸಿದ್ದರಿಂದ ಹಿಡಿದ ಕೆಲಸ ಮುಗಿಸಲು ಅವರಿಗೆ ಸಾಧ್ಯವಾಯಿತು. ಇಲ್ಲೂ ರಾಜಕೀಯ ಇಲ್ಲವೆಂದಲ್ಲ, ಇಲ್ಲಿನ ಆಡಳಿತ ಮಂಡಳಿಯನ್ನು ನೇಮಿಸುವವರು ರಾಜ್ಯದ ಗವರ್ನರೇ. ಆದರೆ ಇಲ್ಲಿ ಆಯ್ಕೆಯ ಮೊದಲೇ ಸಂಗಾತಿಯ ಕೆಲಸ, ಮನೆ, ಊರು ಬದಲಾವಣೆ ಎಲ್ಲ ಮಾತಾಗುತ್ತದೆ. ಸಂಗಾತಿಯನ್ನು ಕೇಳುವುದು ಇಲ್ಲಿ ರೂಢಿ. ನಿಮ್ಮ ಪ್ರಶ್ನೆಯಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ ಅಕ್ಕ.
(ಕನ್ನಡತಿ, ಹ್ಯೂಸ್ಟನ್)

*

ಕೊನೆಯದಾಗಿ ಕಿರಿಯ ಓದುಗರೊಬ್ಬರ ಮಾತು. ಪತ್ರ ಬರೆದ ಸಹೋದರಿಗಿಂತ ಹೆಚ್ಚಾಗಿ ಇದು ಅವರ ಪತಿ ಓದಬೇಕಾದದ್ದು.

*

ಮೇಡಂ, ನಾನು ಸ್ನಾತಕೋತ್ತರ ಕೇಂದ್ರವೊಂದರಲ್ಲಿ ಅತಿಥಿ ಉಪನ್ಯಾಸಕ. ನಮ್ಮ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಒಬ್ಬರೇ, ಮುಂದಿನ ವರ್ಷ ಅವರೂ ನಿವೃತ್ತಿ. ಉಳಿದವರೆಲ್ಲ ನಾವೇ. ರಜೆ ಬಂದರೆ ನಮಗೆ ಸಂಬಳವಿಲ್ಲ. ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಪಾಸಾಗಿ, ಪಿಎಚ್.ಡಿ. ಮುಗಿಸಿ ರಜೆಯಲ್ಲಿ ಅಣ್ಣನ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. 2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯ ಮುಚ್ಚಬಹುದು ಎಂದು ಶಿಫಾರಸು ಮಾಡಿದಾಗ ನನ್ನ ಗೆಳೆಯರು ಎಷ್ಟೋ ಜನ ಕಂಗಾಲಾದರು. ಅಂಥ ಹೊತ್ತಲ್ಲಿ ಸರ್ಕಾರದ ಮುಂದೆ ಕಡತ ಹಿಡಿದು ನಿಂತು ವಾದಿಸುವ ಕುಲಪತಿ ಬೇಕು.

ನಿಮ್ಮ ಮನೆಯವರು ಹೇಗೆ ಎಂದು ನನಗೆ ಗೊತ್ತಿಲ್ಲ. ಫೋನ್ ಮಾಡಿದವನಿಗೆ ತಕ್ಷಣ ಹೂಂ ಅನ್ನದವರು ಎಂಬುದಂತೂ ಗೊತ್ತಾಯಿತು. ಅಂಥವರು ಹಿಂದೆ ಸರಿದರೆ ಆ ಜಾಗಕ್ಕೆ ಯಾರು ಬರುತ್ತಾರೆ ಎಂಬುದನ್ನು ನಾವು ಕಂಡಿದ್ದೇವೆ. ಸರ್ ಅರ್ಜಿ ಹಾಕಲಿ. ಸಮಿತಿಯವರು ನಿಮ್ಮ ಯೋಜನೆ ಏನು ಎಂದು ಕೇಳಿದರೆ, ಖಾಲಿ ಹುದ್ದೆ ತುಂಬುವ ಮಾತನ್ನು ಮೊದಲು ಹೇಳಲಿ. ಸ್ಮಾರ್ಟ್ ತರಗತಿಯ ಮಾತು ಆಮೇಲೆ.
(ಅತಿಥಿ ಉಪನ್ಯಾಸಕ, ಬಳ್ಳಾರಿ)

*

ಉಳಿದ ಪತ್ರಗಳನ್ನು ಮೈಸೂರಿನ ಸಹೋದರಿಗೆ ಕಳುಹಿಸಿದ್ದೇವೆ. ಅವರು ಉತ್ತರ ಬರೆದು, ಪ್ರಕಟಣೆಗೆ ಒಪ್ಪಿದರೆ ಓದುಗರ ಮುಂದಿಡುತ್ತೇವೆ.
(ಸಂ.)